ಅಕ್ಷರವನ್ನೂ ಜೊತೆಗೆ ಕಳಿಸುತ್ತಿದ್ದೆವು

ಹೋದ ಶ್ರಾವಣದಲ್ಲಿ ಶೆಟ್ಟಿಕೆರೆ ಕಡೆಯ ಹುಡುಗನೊಬ್ಬ ನನ್ನ ಅಂಗಡಿಗೆ ಬಂದು ಟೇಬಲ್ ಮೇಲೆ ಪೆನ್‌ಡ್ರೈವ್ ಇಟ್ಟ. "ಆಂಟಿ, ಅಜ್ಜನ ಬೀರುವಿನಲ್ಲಿ ಒಂದು ಸಿ.ಡಿ. ಸಿಕ್ತು. ಅದರಲ್ಲಿದ್ದ ಫೈಲ್ ಇದು. ಓಪನ್ ಆಗುತ್ತೆ, ಓದಕ್ಕೆ ಮಾತ್ರ ಬರಲ್ಲ. ವೈರಸ್ ಹೊಡೆದಿದೆಯಾ ನೋಡಿ" ಅಂದ.

ತೆರೆದೆ. ಪರದೆ ತುಂಬ ಗುರುತುಗಳು. ಮೇಲೆ ಬಲಮೂಲೆಯ ಸಾಲಿನಲ್ಲಿ ಇಂಗ್ಲಿಷಿನ ಸಣ್ಣ ಎ, ಪಕ್ಕದಲ್ಲಿ ದೊಡ್ಡ ಪಿ, ಆಮೇಲೆ ನೆತ್ತಿಯ ಮೇಲೆ ಗೀರು ಹೊತ್ತ ಎ, ಅಂಥದೇ ಗೀರಿನ ಐ, ನಂತರ ಬ್ರಿಟಿಷರ ಪೌಂಡಿನ ಗುರುತು. ಹೀಗೇ ಸಾಗಿ ಕೊನೆಗೆ ಲೆಕ್ಕದ ಪುಸ್ತಕದಲ್ಲಿ ಬರುವ ಅರ್ಧ, ಒಂದರ ಕೆಳಗೆ ಎರಡು, ಅದರ ಪಕ್ಕ ಟೋಪಿ ಇಟ್ಟ ಐ. ನಾನು ಬೆರಳಿಟ್ಟು ಓದಿದೆ: "ಚಿಕ್ಕನಾಯಕನಹಳ್ಳಿ."

ಹುಡುಗ ಪರದೆ ಬಿಟ್ಟು ನನ್ನ ಮುಖ ನೋಡಿದ. ಅದರ ಕೆಳಗೆ ತಾರೀಖು. ಅಂಕಿಗಳು ಮಾತ್ರ ಕೆಟ್ಟಿರಲಿಲ್ಲ: 2002ರ ಜುಲೈ. ಆಮೇಲೆ ಎರಡು ಉದ್ದ ಗೆರೆಗಳ ನಡುವೆ ಒಂದು 'ಶ್ರೀ'. ಮುಂದಿನ ಸಾಲಿಗೆ ಬರುವಷ್ಟರಲ್ಲಿ ನನಗೆ ಗೊತ್ತಾಗಿತ್ತು. ಈ ಕಾಗದ ಟೈಪ್ ಮಾಡಿದವಳು ನಾನೇ. ಹೇಳಿ ಬರೆಸಿದವರು ಅವನ ಅಜ್ಜ.

ಈಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಕೆಲಸ ಶುರುಮಾಡಿದ ಕಾಲದಲ್ಲಿ ಅಂಗಡಿಯ ಕಂಪ್ಯೂಟರಿಗೆ ಕನ್ನಡ ಅಂತ ಒಂದು ಭಾಷೆ ಇದೆ ಅನ್ನುವುದೇ ಗೊತ್ತಿರಲಿಲ್ಲ. ಅದರ ಹೊಟ್ಟೆಯಲ್ಲಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳಿಗೆ ಅಂತ ಮಾಡಿದ ಮನೆಗಳು. ನುಡಿ, ಬರಹ ಮುಂತಾದ ತಂತ್ರಾಂಶ ಮಾಡಿದವರು ಆ ಮನೆಗಳಲ್ಲೇ ಕನ್ನಡವನ್ನು ತುಂಡುಮಾಡಿ ಕೂರಿಸಿದ್ದರು. ಕ ಅಕ್ಷರದ ಒಡಲು ಪಿ ಮನೆಯಲ್ಲಿ, ಅದರ ತಲೆಕಟ್ಟು ಗೀರಿನ ಎ ಮನೆಯಲ್ಲಿ. ನ ಹೋಗಿ ಕೂತದ್ದು ಪೌಂಡಿನ ಮನೆಯಲ್ಲಿ. ಯ ಒಂದಕ್ಕೇ ನಾಲ್ಕು ಮನೆ ಬೇಕಾಯಿತು. ಳಿ ಸಿಕ್ಕಿದ್ದು ಅರ್ಧದ ಮನೆಗೆ. ಎಂಟು ಅಕ್ಷರದ ನಮ್ಮೂರಿಗೆ ಒಟ್ಟು ಹದಿನೆಂಟು ಗುರುತು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ತೆರೆದರೆ ಮುತ್ತು ಪೋಣಿಸಿದ ಹಾಗೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಬರೀ ಪಿ, ಪೌಂಡು, ಅರ್ಧ. ಇದಕ್ಕೆ ನಾವು ಡಿಟಿಪಿಯವರು "ಫಾಂಟ್ ಒಡೆದಿದೆ" ಅನ್ನುತ್ತಿದ್ದೆವು. ಇಂಥ ಒಡೆದ ಕಾಗದಗಳನ್ನು ವರ್ಷಗಟ್ಟಲೆ ನೋಡಿ ನೋಡಿ, ಕೂಡಿಸದೆಯೇ ಓದುವುದು ನನಗೆ ರೂಢಿಯಾಗಿಹೋಗಿದೆ.

ಕಾಗದ ಬರೆಯುವುದು ಅಂದರೆ ಏನು ಅಂತ ನನಗೆ ಮೊದಲು ಕಲಿಸಿದವರು ನಮ್ಮಪ್ಪ. ಅವರು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು. ದಿನಾ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದರು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ ಉಂಡೆಯಾದ ನಮ್ಮ ಸೀಮೆಯ ಕೊಬ್ಬರಿ ಹೋಗುವುದು ಉತ್ತರ ಭಾರತದ ಕಡೆಗೆ. ಅಲ್ಲಿನ ವ್ಯಾಪಾರಿಗಳಿಗೆ ಇಂಗ್ಲಿಷಿನಲ್ಲಿ, ಮಾಲು ತಂದುಹಾಕಿದ ಹಳ್ಳಿಯವರಿಗೆ ಕನ್ನಡದಲ್ಲಿ, ಹೀಗೆ ದಿನವಿಡೀ ಕಾಗದವೇ ಅವರ ಕೆಲಸ. ಚೀಲದ ಲೆಕ್ಕ ಬರೆದು, ಪಕ್ಕದಲ್ಲಿ ಸುತ್ತು ಹಾಕಿದ ಎ ಬರೆದು, ದರ ನಮೂದಿಸುತ್ತಿದ್ದರು. ಅಟ್ ದಿ ರೇಟ್. ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದಾಗ, ಬಳಸುವವರ ಹೆಸರನ್ನೂ ಯಂತ್ರದ ಹೆಸರನ್ನೂ ಬೇರೆ ಮಾಡಲು ಆರಿಸಿಕೊಂಡದ್ದು ಇದೇ ಗುರುತನ್ನು. ನಮ್ಮ ಕಡೆ ಮಂಡಿಯವರಿಗೆ ಇ-ಮೇಲ್ ವಿಳಾಸ ಹೇಳುವಾಗ ಅದನ್ನು ವಿವರಿಸುವ ಕಷ್ಟವೇ ಬರಲಿಲ್ಲ. ಅವರಿಗೆ ಅದು ದರದ ಗುರುತಾಗಿ ಮೊದಲೇ ಪರಿಚಯ.

ಅಪ್ಪ ಒಂದೊಂದು ಕಾಗದಕ್ಕೂ ನಾಲ್ಕು ಹಾಳೆ, ನಡುವೆ ಮೂರು ಕಾರ್ಬನ್ ಇಡುತ್ತಿದ್ದರು. ಮೊದಲ ಹಾಳೆ ಯಾರಿಗೆ ಬರೆದದ್ದೋ ಅವರಿಗೆ. ಎರಡನೆಯದು ಸಾಹುಕಾರರಿಗೆ. ಮೂರನೆಯದು ಲಾರಿ ಆಫೀಸಿಗೆ. ನಾಲ್ಕನೆಯದರಲ್ಲಿ ಅಕ್ಷರ ಮಸುಕು, ಒತ್ತುಗಳು ಕಂಡೂ ಕಾಣದ ಹಾಗೆ. ಅದು ಮಂಡಿಯ ಫೈಲಿಗೆ. "ಚೆನ್ನಾಗಿರೋದು ಎದುರಿನವರಿಗೆ, ಮಸುಕಾದ್ದು ನಮಗೆ" ಅನ್ನುತ್ತಿದ್ದರು. ಯಾರಿಗೆ ಪ್ರತಿ ಹೋಗಬೇಕು ಅಂತ ಕಾರ್ಬನ್ ಇಡುವ ಮುಂಚೆಯೇ ಯೋಚಿಸಿರಬೇಕಿತ್ತು. ಐದನೆಯ ಹಾಳೆಗೆ ಅಚ್ಚು ಇಳಿಯುತ್ತಲೇ ಇರಲಿಲ್ಲ. ಇವತ್ತು ಇ-ಮೇಲಿನಲ್ಲಿ ಸಿಸಿ ಅಂತ ಇರುವುದು ಆ ಕಾರ್ಬನ್ ಕಾಪಿಯೇ. ಕೈಗೆ ನೀಲಿ ಅಂಟುವುದಿಲ್ಲ, ಯಾವ ಪ್ರತಿಯೂ ಮಸುಕಾಗುವುದಿಲ್ಲ, ಐವತ್ತು ಜನಕ್ಕೆ ಹಾಕಿದರೂ ಒಂದೇ ಖರ್ಚು. ಯಾರ ಮನೆಬಾಗಿಲಿಗೆ ಏನು ಹೋಗುತ್ತಿದೆ ಅನ್ನುವ ಎಣಿಕೆ ತಪ್ಪಿದ್ದು ಅಲ್ಲಿಂದಲೇ ಅಂತ ನನಗೆ ಅನ್ನಿಸುತ್ತದೆ.

1986ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿದೆ. ಮಹಡಿಯ ಮೇಲಿನ ಉದ್ದ ಕೋಣೆ, ಎರಡು ಸಾಲು ಯಂತ್ರ, ಕಿಟಕಿಯಾಚೆ ತೆಂಗಿನ ಗರಿ. ಕನ್ನಡಕ್ಕೆ ಟೈಪ್‌ರೈಟರಿನ ಕೀಲಿಮಣೆ ಹೊಂದಿಸಿಕೊಟ್ಟವರು ಅನಂತಸುಬ್ಬರಾಯರು. ನಮ್ಮ ಅಕ್ಷರಗಳ ಕಾಗುಣಿತ, ಒತ್ತು ಎಲ್ಲವನ್ನೂ ಇಂಗ್ಲಿಷಿನವರು ಇಪ್ಪತ್ತಾರು ಅಕ್ಷರಕ್ಕೆ ಮಾಡಿದ ಯಂತ್ರದೊಳಗೆ ಹಿಡಿಸುವುದು ಎಂಥ ಕೆಲಸ ಅಂತ ಆ ಕೀಲಿಗಳ ಮುಂದೆ ಕೂತವರಿಗೇ ಗೊತ್ತು. ತುಂಡು ತುಂಡಾಗಿ ಹೊಡೆದು ಅಕ್ಷರ ಕೂಡಿಸಬೇಕು. ತಪ್ಪಿದರೆ ಅಳಿಸುವಂತಿಲ್ಲ, ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ಅರ್ಜಿಯಲ್ಲಿ ಮರ್ಯಾದೆ ಹೋಗುತ್ತದೆ. ನಮಗೆ ಹೇಳಿಕೊಡುತ್ತಿದ್ದ ಮೇಷ್ಟ್ರಿಗೆ ಒಂದು ಮಾತಿತ್ತು: "ತೀ.ನಂ.ಶ್ರೀ. ಹುಟ್ಟಿದ ತಾಲ್ಲೂಕು ಕಣಮ್ಮ ಇದು. ತೀರ್ಥಪುರ ಇಲ್ಲೇ ಇದೆ. ಮಹಾಪ್ರಾಣ ಬಿಟ್ಟು ಹೊಡೆದರೆ ಅವರಿಗೆ ಕೇಳಿಸುತ್ತೆ." ಭಾರತೀಯ ಕಾವ್ಯಮೀಮಾಂಸೆ ಬರೆದವರ ಹೆಸರು ನನಗೆ ಮೊದಲು ಕೇಳಿಬಂದದ್ದು ಹೀಗೆ, ಒಂದು ತಪ್ಪಿದ ಧ-ಕಾರದ ದೆಸೆಯಿಂದ.

ಮೇಷ್ಟ್ರು ಅರ್ಜಿ ಹೊಡೆಯುವ ಕ್ರಮ ಕಲಿಸಿದರು. ಎಡಕ್ಕೆ 'ಇವರಿಂದ', ಅದರ ಕೆಳಗೆ 'ಇವರಿಗೆ', 'ಮಾನ್ಯರೆ', ನಡುವೆ 'ವಿಷಯ', ಅದರ ಕೆಳಗೆ 'ಉಲ್ಲೇಖ'. ಮುಂದೆ ಇ-ಮೇಲಿನ ಪರದೆ ಮೊದಲ ಸಲ ಕಂಡಾಗ ನನಗೆ ಅದು ಹೊಸದು ಅನ್ನಿಸಲೇ ಇಲ್ಲ. ಇಂದ, ಗೆ, ವಿಷಯ, ಪ್ರತಿ. ತಾಲ್ಲೂಕು ಕಛೇರಿ ಮುಂದೆ ಬೆಂಚು ಹಾಕಿ ಕೂತ ಪ್ರತಿ ಅರ್ಜಿ ಬರೆಯುವವರೂ ಆ ಪರದೆಯನ್ನು ತಲೆಮಾರುಗಳಿಂದ ತುಂಬುತ್ತಾ ಬಂದಿದ್ದಾರೆ. ವಿಷಯದ ಜಾಗವನ್ನು ಖಾಲಿ ಬಿಟ್ಟು ಕಳಿಸಿದ ಮೇಲ್ ಕಂಡರೆ ಇವತ್ತಿಗೂ ನನ್ನ ಕೈ ಕಡಿಯುತ್ತದೆ. ಶಿರಸ್ತೇದಾರರು ಅಂಥ ಅರ್ಜಿಯನ್ನು ಹಾಗೇ ವಾಪಸ್ ಕೊಡುತ್ತಿದ್ದರು.

ಮನೆಯ ಕಾಗದಗಳ ಕ್ರಮ ಬೇರೆ. ಮೇಲೆ 'ಶ್ರೀ'. ತಂದೆಗಾದರೆ 'ತೀರ್ಥರೂಪು', ತಾಯಿಗೆ 'ಮಾತೃಶ್ರೀ', ಕಿರಿಯರಿಗೆ 'ಚಿರಂಜೀವಿ'. ಮೊದಲು ಇತ್ತ ಕಡೆಯ ಕ್ಷೇಮ, ಆಮೇಲೆ ಅತ್ತ ಕಡೆಯ ಕ್ಷೇಮ ಕೇಳುವುದು, ಅದಾದ ಮೇಲೆ ಮಳೆ, ಬೆಳೆ, ಹಸು ಕರು ಹಾಕಿದ್ದು, ಕಟ್ಟಕಡೆಗೆ ಕಾಗದ ಬರೆದ ಕಾರಣ. ಮದುವೆ ಕಾಗದವಾದರೆ ನಾಲ್ಕು ಮೂಲೆಗೂ ಅರಿಶಿನ. ಸಾವಿನ ಕಾಗದವಾದರೆ ಶ್ರೀ ಇಲ್ಲ, ಕ್ಷೇಮ ಇಲ್ಲ. ಓದಿದ ಕೂಡಲೇ ಹರಿದುಹಾಕುವುದು, ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಕಾಗದ ಬಿಚ್ಚುವ ಕೈಗೆ ಒಳಗಿನ ಸುದ್ದಿ ಎಂಥದ್ದು ಅಂತ ಮೊದಲ ಕ್ಷಣದಲ್ಲೇ ತಿಳಿಯಲಿ, ಎದೆ ಸಿದ್ಧವಾಗಲಿ ಅಂತ ಮಾಡಿಕೊಂಡ ಏರ್ಪಾಡು ಇದೆಲ್ಲ.

ಹಳೆಯ ಮರ್ಯಾದೆ ಎಲ್ಲವೂ ಒಳ್ಳೆಯದೇ ಆಗಿತ್ತು ಅಂತ ನಾನು ಹೇಳಲಾರೆ. ನಮ್ಮಮ್ಮನಿಗೆ ಬರುತ್ತಿದ್ದ ಕಾಗದಗಳ ಮೇಲೆ ಹೆಸರಿನ ಮುಂದೆ 'ಸೌ' ಅಂತ ಬರೆದು ಎರಡು ಗೆರೆ ಎಳೆದಿರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಇನ್‌ಲ್ಯಾಂಡ್ ಲೆಟರ್‌ನಲ್ಲಿ ಆ ಅಕ್ಷರ ಇರಲಿಲ್ಲ. ಬರೆದವರು ಅಮ್ಮನ ಸ್ವಂತ ತಂಗಿ. ಅಮ್ಮ ವಿಳಾಸವನ್ನು ಬಹಳ ಹೊತ್ತು ನೋಡಿ, ಒಳಗಡೆ ಓದದೆ ಗೂಡಿನಲ್ಲಿಟ್ಟಳು. ಆಮೇಲೆ ನಾನು ಡಿಟಿಪಿ ಮಾಡುವಾಗ ಲಗ್ನಪತ್ರಿಕೆಯ ಪ್ರೂಫ್ ನೋಡಿ "ಇವರ ಹೆಸರಿನ ಮುಂದಿನ ಸೌ ತೆಗಿಯಮ್ಮ, ಹೋದ ವರ್ಷ ಹಿಂಗಾಯ್ತಲ್ಲ" ಅಂತ ಎಷ್ಟೋ ಜನ ಹೇಳಿದ್ದಾರೆ. ಪ್ರತಿ ಸಲವೂ ಆ ಗೂಡು ನೆನಪಾಗುತ್ತದೆ. ಇ-ಮೇಲ್ ವಿಳಾಸದಲ್ಲಿ ಹೆಣ್ಣಿನ ಹೆಸರಿನ ಮುಂದೆ ಅಂಥ ಅಕ್ಷರ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಅದೊಂದಕ್ಕೆ ನಾನು ಆ ಯಂತ್ರಕ್ಕೆ ಋಣಿ.

1991ರಲ್ಲಿ ತಿಪಟೂರಿಗೆ ಹೋಗಿ ಕಂಪ್ಯೂಟರ್ ಕಲಿತೆ. ಕಪ್ಪು ಪರದೆ, ಹಸಿರು ಅಕ್ಷರ, ಹಪ್ಪಳದಂಥ ಐದೂಕಾಲು ಇಂಚಿನ ಫ್ಲಾಪಿ. 360 ಕಿಲೋಬೈಟ್ ಹಿಡಿಯುವ ಆ ಹಪ್ಪಳವನ್ನು ಕಾಗದದ ಚೀಲದಿಂದ ತೆಗೆಯುವಾಗ ಬೆರಳು ತಾಗಬಾರದು ಅಂತ ದೇವರ ಪಟ ಹಿಡಿದ ಹಾಗೆ ಹಿಡಿಯುತ್ತಿದ್ದೆವು. ಅದರಲ್ಲಿ ವರ್ಡ್‌ಸ್ಟಾರ್. 1978ರಲ್ಲಿ ರಾಬ್ ಬಾರ್ನಬಿ ಎಂಬವರು ಬರೆದ ತಂತ್ರಾಂಶ ಅದು. ನನ್ನ ಕೈಗೆ ಬರುವಷ್ಟರಲ್ಲಿ ಜಗತ್ತು ಅದನ್ನು ದಾಟಿ ಮುಂದೆ ಹೋಗಿತ್ತು. ನನಗೆ ಮಾತ್ರ ಅದರ ಮೇಲೆ ಉಳಿದ ಪ್ರೀತಿ ಬೇರೆ ಯಾವುದರ ಮೇಲೂ ಬರಲಿಲ್ಲ. ಮೌಸ್ ಇರಲಿಲ್ಲ. ಕಂಟ್ರೋಲ್ ಕೀಲಿ ಒತ್ತಿ ಹಿಡಿದರೆ ಎಡಗೈಯ ನಾಲ್ಕು ಅಕ್ಷರಗಳೇ ನಾಲ್ಕು ದಿಕ್ಕು: ಇ ಮೇಲಕ್ಕೆ, ಎಕ್ಸ್ ಕೆಳಕ್ಕೆ, ಎಸ್ ಎಡಕ್ಕೆ, ಡಿ ಬಲಕ್ಕೆ. ಒಂದು ಪ್ಯಾರಾ ಎತ್ತಿ ಬೇರೆ ಕಡೆ ಇಡಬೇಕಾದರೆ ಮೊದಲ ತುದಿಗೆ ಕೆ-ಬಿ, ಕೊನೆಯ ತುದಿಗೆ ಕೆ-ಕೆ, ಬೇಕಾದ ಜಾಗಕ್ಕೆ ಹೋಗಿ ಕೆ-ವಿ. ಕೆ-ಎಸ್ ಒತ್ತಿದರೆ ಫ್ಲಾಪಿ ಡ್ರೈವ್ ಕೊರಕೊರ ಅನ್ನುತ್ತಿತ್ತು. ಆ ಸದ್ದು ನಿಂತರೆ ಬರೆದದ್ದು ಉಳಿಯಿತು ಅಂತ ಅರ್ಥ. ಕರೆಂಟ್ ಯಾವಾಗ ಹೋಗುತ್ತದೋ ಹೇಳುವ ಹಾಗಿರಲಿಲ್ಲ, ಆದ್ದರಿಂದ ಪ್ಯಾರಾಕ್ಕೊಂದು ಕೆ-ಎಸ್. ಉಳಿಸುವುದು ಅನ್ನುವುದು ಒಂದು ಕೆಲಸವಾಗಿತ್ತು, ಬರೆದವರೇ ಮಾಡಬೇಕಿತ್ತು. ವರ್ಡ್‌ಸ್ಟಾರ್ ಮುಂದಿನ ಪದ ಯಾವುದು ಅಂತ ಊಹಿಸಿ ಬಾಯಿಗೆ ತುರುಕುತ್ತಿರಲಿಲ್ಲ. ನಾನು ಯೋಚಿಸುವಷ್ಟು ಹೊತ್ತು ಕಾಯುತ್ತಿತ್ತು. ಇವತ್ತು ಕೂಡ ಆಯಾಸವಾದ ದಿನ ನನ್ನ ಎಡಗೈ ತಾನಾಗಿ ಆ ನಾಲ್ಕು ಕೀಲಿಗಳ ಮೇಲೆ ಹೋಗಿ ಕೂರುತ್ತದೆ.

ಅದರಲ್ಲಿ ಕನ್ನಡ ಇರಲಿಲ್ಲ. ಆ ನೋವು ಸಣ್ಣದಲ್ಲ. ಬೆಳಗ್ಗೆ ಅರ್ಜಿಯೆಲ್ಲ ಕನ್ನಡ ಟೈಪ್‌ರೈಟರಿನಲ್ಲಿ, ಸಂಜೆ ಕಲಿಯುವುದು ಮಾತ್ರ ಇಂಗ್ಲಿಷಿನ ಯಂತ್ರದಲ್ಲಿ. ಕನ್ನಡಕ್ಕೆ ದಾರಿ ಮಾಡುವವರು ಆಗಲೇ ಇದ್ದರು. ಕೆ.ಪಿ. ರಾವ್ ಅವರು ಉಚ್ಚಾರಣೆಗೆ ಹೊಂದುವ ಕೀಲಿಮಣೆ ರೂಪಿಸಿ, ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ತಂತ್ರಾಂಶ ಮಾಡಿದ್ದರು. ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿಗೂ ಅದೇ ಕೀಲಿಮಣೆ ಆಧಾರವಾಯಿತು. ಎಫ್ ಒತ್ತಿದರೆ ಒತ್ತಕ್ಷರ, ಎಷ್ಟು ಸರಳ! ಟೈಪ್‌ರೈಟರಿನಲ್ಲಿ ಒಂದೊಂದು ಒತ್ತಿಗೂ ಒಂದೊಂದು ಕೀಲಿ ಹುಡುಕಿದ ನನ್ನ ಬೆರಳುಗಳಿಗೆ ಇದು ನಂಬಲಾಗದ ಸುಖ. ಇದೆಲ್ಲ ನನಗೆ ತಿಳಿದದ್ದು ತಡವಾಗಿ. 1995ರಲ್ಲಿ ಸಾಲ ಮಾಡಿ ಡಿಟಿಪಿ ಸೆಂಟರ್ ಇಟ್ಟಾಗ ನನಗೆ ಸಿಕ್ಕಿದ್ದು ಪೇಜ್‌ಮೇಕರ್ ಮತ್ತು ಪುಣೆಯ ಶ್ರೀ-ಲಿಪಿ. ಅದಕ್ಕೊಂದು ಲಾಕ್ ಇತ್ತು, ಬೆಂಕಿಪೊಟ್ಟಣದಷ್ಟು ಗಾತ್ರ. ಅದನ್ನು ಕಂಪ್ಯೂಟರಿನ ಹಿಂದೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದರೆ ಮಾತ್ರ ಕನ್ನಡ. ರಾತ್ರಿ ಅಂಗಡಿ ಮುಚ್ಚುವಾಗ ಗಲ್ಲಾದ ದುಡ್ಡಿನ ಜೊತೆ ಆ ಲಾಕನ್ನೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದೆ. ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಮಂಡಿಯ ಬಿಲ್ ಪುಸ್ತಕ, ತಿಥಿ ಕಾರ್ಡು. ಬಟರ್ ಪೇಪರಿನ ಮೇಲೆ ಪ್ರಿಂಟ್ ತೆಗೆದು ಪ್ರೆಸ್ಸಿಗೆ ಕೊಡುವುದು.

1998ರ ಜನವರಿ ಒಂದರಂದು ಶೇಷಾದ್ರಿವಾಸು ಅವರು ಬರಹ ತಂತ್ರಾಂಶವನ್ನು ಹೊರತಂದು, ಯಾರು ಬೇಕಾದರೂ ಬಳಸಿ ಅಂತ ಬಿಟ್ಟರು. ನಮ್ಮೂರಿಗೆ ಅದು ಬಂದದ್ದು ಎರಡು ವರ್ಷ ತಡವಾಗಿ, ಗಿರಾಕಿಯೊಬ್ಬರ ಮಗ ಬೆಂಗಳೂರಿನಿಂದ ತಂದ ಸಿ.ಡಿ.ಯಲ್ಲಿ. ಲಾಕ್ ಇಲ್ಲ, ದುಡ್ಡಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆಯಂತೆ ಹೊಡೆದರೆ ಕನ್ನಡ ಮೂಡುತ್ತದೆ. ಊರ ಹೆಸರು ಹೊಡೆಯಲು ನಾ-ಕಾರಕ್ಕೆ ಒಂದು ದೊಡ್ಡ ಎ, ಳ್ಳಿಗೆ ಎರಡು ದೊಡ್ಡ ಎಲ್. ಅದೇ ಹೊತ್ತಿಗೆ ಅಂಗಡಿಗೆ ಫೋನ್ ಲೈನಿನ ಮೂಲಕ ಇಂಟರ್‌ನೆಟ್ಟೂ ಬಂತು. ಮೋಡೆಮ್ ಕಿರುಚಿ, ಕೆಮ್ಮಿ, ಕೊನೆಗೆ ಸುಮ್ಮನಾದರೆ ಲೈನ್ ಸಿಕ್ಕಿತು ಅಂತ. ಬೋರ್ಡಿನಲ್ಲಿ 'ಇ-ಮೇಲ್ ಕಳಿಸಲಾಗುವುದು' ಅಂತ ಸೇರಿಸಿದೆ. ನಮ್ಮ ತೆಂಗಿನ ಸೀಮೆಯಿಂದ ಓದಿ ಹೋದ ಮಕ್ಕಳು ಆಗ ಅಮೆರಿಕ ಮುಟ್ಟಿದ್ದರು.

ಆ ಹುಡುಗನ ಅಜ್ಜ ಮೊದಲ ಸಲ ಬಂದದ್ದು ಆಗಲೇ. ಬಿಳಿ ಪಂಚೆ, ಹೆಗಲಿಗೆ ಟವೆಲ್, ಕೈಯಲ್ಲಿ ಎರಡು ಎಳನೀರು. ಮೂವರು ಗಂಡುಮಕ್ಕಳು, ದೊಡ್ಡವನು ನ್ಯೂಜೆರ್ಸಿಯಲ್ಲಿ, ನಡುವಿನವನು ಪುಣೆಯಲ್ಲಿ, ಕಿರಿಯವನು ಬೆಂಗಳೂರಿನಲ್ಲಿ. ನಾನು ಅವರ ಹೆಸರಿಗೆ ಹಾಟ್‌ಮೇಲ್‌ನಲ್ಲಿ ವಿಳಾಸ ತೆರೆದೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ ನಾಲ್ಕರಂದು ಶುರುಮಾಡಿದ್ದ ಪುಕ್ಕಟೆ ಅಂಚೆ ಅದು. ಎರಡು ಮೆಗಾಬೈಟ್ ಜಾಗ. ಒಂದು ದೊಡ್ಡ ಫೋಟೋ ಬಂದರೆ ಪೆಟ್ಟಿಗೆ ತುಂಬಿ, ಆಮೇಲೆ ಬಂದ ಕಾಗದ ಬಾಗಿಲಿಂದಲೇ ವಾಪಸ್. ಆದ್ದರಿಂದ ಎಷ್ಟು ದಪ್ಪದ ಲಕೋಟೆ ಕಳಿಸುತ್ತೇವೆ ಅಂತ ನೋಡಿ ಕಳಿಸುವುದೂ ಆ ಕಾಲದ ಮರ್ಯಾದೆ.

ಕನ್ನಡದಲ್ಲಿ ಇ-ಮೇಲ್ ಕಳಿಸುವವರಿಗೆ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ ಇತ್ತು: ಅತ್ತ ಕಡೆ ಇದು ಕಾಣುತ್ತದೆಯೇ? ಹಾಗಾಗಿ ಮೊದಲ ಕಾಗದದ ಜೊತೆ ಫಾಂಟನ್ನೂ ಲಗತ್ತಿಸುತ್ತಿದ್ದೆವು. ಅದನ್ನು ಎಲ್ಲಿ ಇಳಿಸಿಕೊಳ್ಳಬೇಕು, ಯಾವ ಫೋಲ್ಡರಿಗೆ ಹಾಕಬೇಕು ಅಂತ ಮೇಲೆ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಅಜ್ಜನಿಗೆ ಇದನ್ನು ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಕಾಗದದ ಜೊತೆಗೆ ಅಕ್ಷರನೂ ಕಳಿಸ್ಬೇಕು ಅನ್ನು. ಊರಿಂದ ಹೋಗೋರ ಕೈಲಿ ಕಾಯಿ ಕೊಟ್ಟು, ಸುಲಿಯೋ ಗೂಟನೂ ಕೊಟ್ಟಂಗೆ" ಅಂದರು. ಅದಕ್ಕಿಂತ ಸರಿಯಾಗಿ ಇದನ್ನು ನಾನು ಇವತ್ತಿಗೂ ಯಾರಿಗೂ ಹೇಳಿಲ್ಲ.

ಮಗನ ಉತ್ತರ ಬರುತ್ತಿದ್ದದ್ದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ. ಓದಿ ಹೇಳುವವಳು ನಾನು. ಒಂದು ಸಲ 'ಈ ಸಲ ಬೆಲೆ ಹೇಗಿದೆ' ಅಂತ ಓದಿದೆ. ಅಜ್ಜ ಕೊಬ್ಬರಿ ಧಾರಣೆ ಹೇಳಲು ಶುರುಮಾಡಿ ನಡುವೆ ನಿಲ್ಲಿಸಿದರು: "ಅವನು ಕೇಳಿರೋದು ಬೆಲೆನೋ, ಬೆಳೆನೋ?" ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಒಂದೇ. ತೆಂಗಿನ ಸೀಮೆಯಲ್ಲಿ ಈ ಎರಡು ಪದ ಅದಲುಬದಲಾದರೆ ಸಂಸಾರದ ಲೆಕ್ಕವೇ ಅದಲುಬದಲು. ಅಜ್ಜ ಎರಡಕ್ಕೂ ಉತ್ತರ ಬರೆಸಿದರು. ಕೊನೆಗೆ ನಾನು ನನ್ನದೊಂದು ಸಾಲು ಸೇರಿಸಿದೆ: ಅಣ್ಣಾ, ಳ ಬರುವ ಕಡೆ ದಯಮಾಡಿ ದೊಡ್ಡ ಎಲ್ ಹಾಕಿ. ಬಹಳ ದಿನದ ಮೇಲೆ, ಇ-ಮೇಲಿನ ರೀತಿನೀತಿ ಹೇಳುವ ಆರ್‌ಎಫ್‌ಸಿ 1855 ಅನ್ನುವ 1995ರ ದಾಖಲೆಯನ್ನು ಓದಿದೆ. ದೊಡ್ಡಕ್ಷರದಲ್ಲಿ ಬರೆದರೆ ಕಿರುಚಿದಂತೆ ಕಾಣುತ್ತದೆ ಅಂತ ಅದರಲ್ಲಿದೆ. ಅವರಿಗೆ ಅದು ಕಿರುಚಾಟ, ನಮಗೆ ಅದು ಳ.

ಎರಡು ಸಂಗತಿ ಹೇಳಬೇಕು.

ಒಂದು, 2003ರದು. ಅಜ್ಜನ ಮೊಮ್ಮಗಳ ಮದುವೆ. ಪತ್ರಿಕೆ ನಾನೇ ಮಾಡಿದ್ದೆ. ದೊಡ್ಡ ಮಗನಿಗೆ ಮೇಲ್ ಮಾಡಬೇಕು ಅಂತ ಬಂದವರು ಟವೆಲಿನ ಗಂಟು ಬಿಚ್ಚಿದರು. ಒಳಗೆ ಅರಿಶಿನ, ಕುಂಕುಮ. "ಇದನ್ನ ಹೆಂಗೆ ಹಚ್ಚೋದವ್ವ? ಬರೀ ಕಾಗದ ಹೋಗಬಾರ್ದು. ಅವರ ಅಜ್ಜಿ ಬಿಡಲ್ಲ." ನಾನು ಪತ್ರಿಕೆಯ ಪ್ರಿಂಟ್ ತೆಗೆದು ಕೊಟ್ಟೆ. ಅಂಗಡಿಯ ಹೂಜಿಯಿಂದ ನೀರು ಚಿಮುಕಿಸಿ ಅರಿಶಿನ ಕಲಸಿ, ಉಂಗುರದ ಬೆರಳಿನಲ್ಲಿ ನಾಲ್ಕು ಮೂಲೆಗೂ ಹಚ್ಚಿ, ನಡುವೆ ಕುಂಕುಮ ಇಟ್ಟು, ಊದಿ ಒಣಗಿಸಿದರು. ಅದನ್ನು ಸ್ಕ್ಯಾನರಿನ ಗಾಜಿನ ಮೇಲೆ ಇಟ್ಟೆ. ಬಣ್ಣದ ಚಿತ್ರವಾದ್ದರಿಂದ ದಪ್ಪ ಹೆಚ್ಚಾಯಿತು. ಕುಗ್ಗಿಸಿ ಕುಗ್ಗಿಸಿ, ಅರಿಶಿನದ ಹಳದಿ ಹೋಗದಷ್ಟಕ್ಕೆ ನಿಲ್ಲಿಸಿದೆ. ಲೈನ್ ಎರಡು ಸಲ ಕಡಿಯಿತು. ಮೂರನೆಯ ಸಲಕ್ಕೆ ಹೋಯಿತು. ಅಷ್ಟು ಹೊತ್ತೂ ಅಜ್ಜ ಕುರ್ಚಿಯಲ್ಲಿ ಕೂರದೆ ನಿಂತೇ ಇದ್ದರು. ಸ್ಕ್ಯಾನರಿನ ಗಾಜಿನ ಮೂಲೆಯಲ್ಲಿ ಉಳಿದ ಹಳದಿ ಕಲೆಯನ್ನು ನಾನು ಆ ಯಂತ್ರ ಮಾರುವವರೆಗೂ ಒರೆಸಲಿಲ್ಲ.

ಇನ್ನೊಂದು ನನ್ನ ತಪ್ಪು. ಮದುವೆ ಆದ ಮೇಲಿನ ಮಾತು. ಖರ್ಚಿನ ವಿಚಾರವಾಗಿ ಮೂವರು ಮಕ್ಕಳಿಗೂ ಒಂದೇ ಮೇಲ್ ಹೋಗಿತ್ತು. ದೊಡ್ಡವನು ಅದಕ್ಕೆ ಉತ್ತರ ಬರೆದಿದ್ದ. ಅಜ್ಜ ಬಂದು, ದೊಡ್ಡವನಿಗೆ ಮಾತ್ರ ಅಂತ ಹೇಳಿ, ಕಿರಿಯವನ ಸಾಲದ ಬಗ್ಗೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆಸಿದರು. ಬರೆಸುವಾಗ ಗಂಟಲು ಕಟ್ಟಿತ್ತು. ಸಂಜೆ ಕರೆಂಟ್ ಹೋಗುವ ಹೊತ್ತು, ಆತುರ. ನಾನು ಎಲ್ಲರಿಗೂ ಉತ್ತರಿಸುವ ಗುಂಡಿ ಒತ್ತಿದೆ. ಕಾಗದ ಮೂವರಿಗೂ ಹೋಯಿತು. ಕಿರಿಯ ಮಗ ಆ ವರ್ಷ ಗೌರಿ ಹಬ್ಬಕ್ಕೆ ಬರಲಿಲ್ಲ. ದೀಪಾವಳಿಗೂ ಬರಲಿಲ್ಲ.

ನಾನು ಅಜ್ಜನ ಮನೆಗೇ ಹೋಗಿ ತಪ್ಪು ಒಪ್ಪಿಕೊಂಡೆ. ಅವರು ಜಗಲಿಯ ಮೇಲೆ ಕೊಬ್ಬರಿ ಒಡೆಯುತ್ತಾ ಕೂತಿದ್ದರು. ಬಯ್ಯಲಿಲ್ಲ. ಒಂದು ಹೋಳು ಕೈಗಿಟ್ಟು, "ಬರೆಸಿದ್ದು ನಾನು ತಾನೆ. ಆ ಮಾತು ನನ್ನ ಬಾಯಿಂದ ಬಂದಿದ್ದೇ. ಇನ್ಮೇಲೆ ಕಳ್ಸೋಕ್ ಮುಂಚೆ ಯಾರ್ ಯಾರಿಗೆ ಹೋಗ್ತದೆ ಅಂತ ಒಂದ್ಸಲ ನಂಗೆ ಓದ್ ಹೇಳು ತಾಯಿ" ಅಂದರು. ಅವತ್ತಿನಿಂದ ಇವತ್ತಿನವರೆಗೆ ಯಾರದೇ ಮೇಲ್ ಇರಲಿ, ಮೇಲಿನ ವಿಳಾಸಗಳನ್ನು ಗಟ್ಟಿಯಾಗಿ ಓದದೆ ನಾನು ಕಳಿಸಿಲ್ಲ. ಕೆಲವರು ಅವಸರ ಮಾಡುತ್ತಾರೆ. ಮಾಡಲಿ.

ಅಜ್ಜ ತೀರಿಕೊಂಡು ಹದಿಮೂರು ವರ್ಷವಾಯಿತು. ಆ ಹಾಟ್‌ಮೇಲ್ ಪೆಟ್ಟಿಗೆ ಯಾರೂ ತೆರೆಯದೆ ಎಂದೋ ಮುಚ್ಚಿಹೋಗಿದೆ. ನನ್ನ ಹಳೆಯ ಫ್ಲಾಪಿಗಳಲ್ಲಿ ಬಹುಪಾಲು ಈಗ ಓದುವುದೇ ಇಲ್ಲ. ಒಂದೊಂದು ಭಾಷೆಯ ಅಕ್ಷರಕ್ಕೂ ಅದರದೇ ಮನೆ ಕೊಡುವ ಯೂನಿಕೋಡಿನ ಪಟ್ಟಿಯಲ್ಲಿ ಕನ್ನಡ 1991ರಿಂದಲೇ ಇತ್ತು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟನ್ನು ಹೊತ್ತು ಬಂದ ಮೇಲೆ, ನಿಧಾನವಾಗಿ ನಮ್ಮಂಥ ಅಂಗಡಿಗಳಿಗೂ ತಲುಪಿತು. ಈಗ ಮಕ್ಕಳ ಫೋನಿನಲ್ಲೂ ಕನ್ನಡ ತಾನಾಗಿ ಕಾಣುತ್ತದೆ. ಫಾಂಟ್ ಕಳಿಸುವ ಮಾತಿಲ್ಲ. ಅದು ಎಷ್ಟು ದೊಡ್ಡದು ಅಂತ ನಮ್ಮ ತಲೆಮಾರಿಗೆ ಗೊತ್ತು. ಆದರೆ ಒಡೆದ ಅಕ್ಷರದಲ್ಲಿ ಎಷ್ಟು ಮನೆಗಳ ಕಾಗದ ಬೀರುಗಳಲ್ಲಿ ಉಳಿದಿವೆಯೋ, ಅವನ್ನು ಓದಬಲ್ಲವರು ಇರುವಾಗಲೇ ಈಗಿನ ಕನ್ನಡಕ್ಕೆ ತಂದಿಡಬೇಕು. ಇದನ್ನು ನಾನು ಗಿರಾಕಿಗಳಿಗೆಲ್ಲ ಹೇಳುತ್ತೇನೆ. ದುಡ್ಡು ಕೇಳುವುದಿಲ್ಲ.

ಹುಡುಗನ ಕಡತವನ್ನು ಪರಿವರ್ತಕಕ್ಕೆ ಹಾಕಿದೆ. ಗುರುತುಗಳು ಸರಿದು ಕನ್ನಡ ಬಂತು. ಅಲ್ಲೊಂದು ಇಲ್ಲೊಂದು ಅರ್ಕಾವತ್ತು ಜಾಗ ತಪ್ಪಿತ್ತು, ದೀರ್ಘ ಬಿಟ್ಟಿತ್ತು. ಮೂಲದ ಒಡೆದ ಅಕ್ಷರ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ತಿದ್ದಿದೆ. ಇತ್ತ ಎಲ್ಲರೂ ಕ್ಷೇಮ. ಆಷಾಢದ ಗಾಳಿ ಜೋರಾಗಿದೆ, ಮಳೆ ಇಲ್ಲ. ತೆಂಗಿಗೆ ನುಸಿ ಬಿದ್ದು ಕಾಯಿ ಮುರುಟಿವೆ, ಅಟ್ಟ ಅರ್ಧ ಖಾಲಿ. ಕಿರಿಯವನು ಕೆಲಸ ಸಿಕ್ಕಿ ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ತಂದ, ನೀನು ಅವನಿಗೆ ಒಂದು ಮಾತು ಬರೆ. ಹುಡುಗ ಕುರ್ಚಿ ಎಳೆದುಕೊಂಡು ಆ ಸಾಲನ್ನು ಎರಡು ಸಲ ಓದಿದ. ಅವನು ಆ ಕಿರಿಯವನ ಮಗ.

"ದೊಡ್ಡಪ್ಪ ಕೇಳಿದ್ರು ಆಂಟಿ, ತಾತನ ಕಾಗದ ಏನಾದ್ರೂ ಉಳಿದಿದ್ಯಾ ಅಂತ. ಇಲ್ಲಿಂದ್ಲೇ ಕಳಿಸಿಬಿಡಿ" ಅಂದ. ವಿಷಯದ ಜಾಗದಲ್ಲಿ 'ತಾತನವರ ಕಾಗದ, ಜುಲೈ 2002' ಅಂತ ಹೊಡೆದೆ. ಒಳಗೆ ಮೊದಲು ಕ್ಷೇಮ ಬರೆಸಿದೆ. ಅವನು ಬೇಡ ಅನ್ನಲಿಲ್ಲ. ನ್ಯೂಜೆರ್ಸಿಯ ವಿಳಾಸ ಹಾಕಿ, ಒಂದೊಂದೇ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿ ಹೇಳಿದೆ. ಅವನು ಪರದೆ ನೋಡುತ್ತಲೇ ಇದ್ದ.

"ಅಪ್ಪಂಗೂ ಒಂದು ಸಿಸಿ ಹಾಕಿ ಆಂಟಿ" ಅಂದ.

ಅವರ ವಿಳಾಸ ಹೇಳಿಸಿಕೊಂಡು ಹೊಡೆದೆ. ಹೊಡೆದು, ಎರಡೂ ವಿಳಾಸಗಳನ್ನು ಮೊದಲಿಂದ ಇನ್ನೊಂದು ಸಲ ಓದಿದೆ.